ಕರಿ ಕೋಟು ಕಳಚಿ ಓಡಿದ ಮೌಶಿ

ನಮ್ಮ ಮೌಶಿಯ ಕಣ್ಣಿಗೆ ನೀವು ಕುಳಿತಿರುವಾಗ ಬಿದ್ದಿರೋ, ನಿಮ್ಮ ಕಥೆ ಮುಗಿಯಿತು! ಕುರ್ಚಿ, ಸೋಫಾ, ಮೆಟ್ಟಿಲು, ಲೋಕಲ್ ರೈಲಿನ ನಾಲ್ಕನೇ ಸೀಟು, ಯಾವುದಾದರೂ ಸರಿ, ಮನುಷ್ಯನೊಬ್ಬ ಹಾಯಾಗಿ ಕುಳಿತಿದ್ದಾನೆಂದರೆ ಆಕೆಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ. "ಏಳ್ ಮ್ಯಾಲೆ" ಎನ್ನುತ್ತಾಳೆ. ಎದ್ದರೆ "ಈಗ ಕುಂಡ್ರು" ಎನ್ನುತ್ತಾಳೆ. ಅಬ್ಬಾ, ಮನಸ್ಸು ಕರಗಿತು ಎಂದು ಕೂತರೆ "ಮತ್ತ ಏಳ್" ಎನ್ನುತ್ತಾಳೆ. ಇದಕ್ಕೆ ಸ್ಕ್ವಾಟ್ಸ್ ಎಂದು ಹೆಸರಂತೆ. ಇದನ್ನು ಮಾಡಿಸಿಕೊಳ್ಳಲು ನಮ್ಮ ಸಾಂತಾಕ್ರೂಜಿನ ಜನ ತಿಂಗಳು ತಿಂಗಳು ಫೀ ಕೊಡುತ್ತಾರೆ! ಅಕ್ಕನ ಮಗನೆಂಬ ಕಾರಣಕ್ಕೆ ನನಗೆ ಮಾತ್ರ ಪುಕ್ಕಟೆ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ನಾವು ಬಾಗಲಕೋಟೆಯ ಕಡೆಯವರು. ಊರಲ್ಲೇ ಇದ್ದಿದ್ದರೆ ಆಕೆ ನನಗೆ ಚಿಗವ್ವ ಆಗಿರುತ್ತಿದ್ದಳು. ಮುಂಬಯಿಯ ನೀರು ಕುಡಿದು ಮೌಶಿ ಆಗಿದ್ದಾಳೆ. ಹೀಗೆ ಯಾರನ್ನೂ ಕೂರಗೊಡದ ಈ ಮಹಾತಾಯಿ ಕೆಲವೇ ವರ್ಷಗಳ ಹಿಂದೆ ಬಾಂದ್ರಾದ ಕೋರ್ಟಿನಲ್ಲಿ ವಕೀಲಳಾಗಿದ್ದಳು ಎಂದರೆ ನಂಬುತ್ತೀರಾ? ಕೋರ್ಟೆಂದರೆ ಜನ ಕೂರುವುದಕ್ಕೇ ಇರುವ ಜಾಗವಲ್ಲವೇ! ಮದುವೆಯಾದ ವರ್ಷ ಬಂದು ಬೆಂಚಿನ ಮೇಲೆ ಕುಳಿತ ಕಕ್ಷಿದಾರ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಅದೇ ಬೆಂಚಿನ ಮೇಲೆ ಕುಳಿತಿರುತ್ತಾನೆ. ಅಂಥ ಕಡೆ ಕರಿ ಕೋಟು ಹಾಕಿಕೊಂಡು ಮೌಶಿ ಬಹಳ ವರ್ಷ ಚೆನ್ನಾಗಿಯೇ ವಕೀಲಿ ಮಾಡಿದಳು. ಕೆಟ್ಟದ್ದು ಒಂದು ಮಳೆಯ ದಿನ.

ಆ ದಿನ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾಗಿತ್ತು. ಮುಂಬಯಿಯಲ್ಲಿ ಲೋಕಲ್ ನಿಂತರೆ ಬುದ್ಧಿ ಇರುವವರು ಏನು ಮಾಡುತ್ತಾರೆ? ಸಾಹೇಬರಿಗೆ ಫೋನ್ ಮಾಡಿ, ದನಿಯಲ್ಲಿ ಒಂದಿಷ್ಟು ದುಃಖ ತುಂಬಿ, ಫೋನ್ ಇಟ್ಟ ಮೇಲೆ ಕಾಂದಾಭಜಿ ಕರಿಯುತ್ತಾರೆ. ನಾನು ಅದನ್ನೇ ಮಾಡಿದೆ. ಆದರೆ ದಹಿಸರದಲ್ಲಿರುವ ಮೌಶಿಗೆ ಅವತ್ತು ಒಂದು ಖೋಲಿಯ, ಅಂದರೆ ಒಂದು ಕೋಣೆಯ ಮನೆಯ, ಕೇಸಿನ ಕೊನೆಯ ವಾದ. ತಾನು ಹೋಗದಿದ್ದರೆ ಕಕ್ಷಿದಾರನ ಖೋಲಿ ಹೋಗುತ್ತದೆ ಎಂದು ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಂಡನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಹೈವೇ ಹಿಡಿದು ನಡೆಯತೊಡಗಿದಳು. ನಡೆದರೆ ಹೊತ್ತಿಗೆ ಮುಟ್ಟುವುದಿಲ್ಲ ಎನಿಸಿದಾಗ ಓಡತೊಡಗಿದಳು. ಬೋರಿವಲಿ ಆಯಿತು, ಗೋರೆಗಾಂವ್ ಆಯಿತು, ಅಂಧೇರಿ ಆಯಿತು. ಸಾಂತಾಕ್ರೂಜಿನಲ್ಲಿ ನಮ್ಮ ಬಿಲ್ಡಿಂಗಿನ ಮುಂದೆಯೇ ಹಾದುಹೋದಳು. ಭಜಿಯ ತಟ್ಟೆ ಹಿಡಿದು ಗ್ಯಾಲರಿಯಲ್ಲಿ ನಿಂತಿದ್ದ ನಾನು ಯಾರೋ ಹೆಂಗಸು ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾಳೆ ಎಂದುಕೊಂಡೆ.

ಬಾಂದ್ರಾ ಮುಟ್ಟಿ, ಒದ್ದೆ ಕಾಗೆಯಂತೆ ನೀರು ಸುರಿಸುತ್ತ ಕೋರ್ಟಿನೊಳಗೆ ನುಗ್ಗಿ ನೋಡುತ್ತಾಳೆ, ಜಡ್ಜ್ ಬಂದಿಲ್ಲ. ಎದುರು ಪಾರ್ಟಿಯ ವಕೀಲ ಬಂದಿಲ್ಲ. ಸ್ವಂತ ಕಕ್ಷಿದಾರನೂ ಬಂದಿಲ್ಲ! ಗುಮಾಸ್ತನೊಬ್ಬ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದವನು "ಮ್ಯಾಡಮ್, ಐಸಿ ಬಾರಿಶ್ ಮೇ ಕೋಯಿ ಆತಾ ಹೈ ಕ್ಯಾ?" ಇಂಥ ಮಳೆಯಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಕೇಳಿ ಮುಂದಿನ ತಾರೀಖು ಹೇಳಿದನಂತೆ.

ಬೇರೆಯವರಾಗಿದ್ದರೆ ಅಲ್ಲೇ ಕುಸಿದು ಅಳುತ್ತಿದ್ದರು. ಮೌಶಿ ನಮ್ಮ ಮನೆಗೆ ಬಂದು, ತಲೆ ಒರೆಸಿಕೊಳ್ಳುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟ್ ವರ್ಷ ವಕೀಲಿ ಮಾಡೀನಿ, ಹಿಡದ ಕೆಲಸ ಹಿಡದ ದಿನಾನ ಮುಗದದ್ದು ಇದ ಮೊದಲು ನೋಡಪಾ! ಮುಟ್ಟಬೇಕು ಅಂದೆ, ಮುಟ್ಟಿದೆ. ತಾರೀಖ್ ಇಲ್ಲ, ಗೀರೀಖ್ ಇಲ್ಲ!" ಉಳಿದಿದ್ದ ಭಜಿಯನ್ನೆಲ್ಲ ತಿಂದಳು. ಅದೇ ಆಕೆ ತಿಂದ ಕೊನೆಯ ಭಜಿ. ಮಾರನೆಯ ದಿನದಿಂದ ಓಟ, ಆಮೇಲೆ ಸೈಕಲ್ಲು, ಆಮೇಲೆ ಈಜು, ಆಮೇಲೆ ಯಾವುದೋ ತರಬೇತಿಯ ಪರೀಕ್ಷೆ. ವರ್ಷ ತಿರುಗುವುದರೊಳಗೆ ಕೇಸುಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿ, ಕರಿ ಕೋಟನ್ನು ಮೊಳೆಗೆ ತೂಗುಹಾಕಿ, ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಬೆಳಗಿನ ಕ್ಲಾಸು ಶುರು ಮಾಡಿಯೇಬಿಟ್ಟಳು.

ಕೋಟು ಹೋದರೂ ವಕೀಲಿ ಹೋಗಲಿಲ್ಲ ನೋಡಿ. ಒಂದು ಬೆಳಿಗ್ಗೆ ಮೂರನೇ ಮಾಳಿಗೆಯ ಭಾಭಿಯನ್ನು ಎಲ್ಲರೆದುರು ನಿಲ್ಲಿಸಿಕೊಂಡು ಪಾಟೀಸವಾಲು ಹಾಕತೊಡಗಿದಳು.

"ಕಲ್ ಶಾಮ್ ಆಪ್ ಕಹಾಂ ಥೀ?"

"ಘರ್ ಪೇ."

"ಘರ್ ಪೇ ಥೀ, ತೋ ಸ್ಟೇಷನ್ ಕೇ ಬಾಹರ್ ಪಾವ್‌ಭಾಜಿ ಕೌನ್ ಖಾ ರಹಾ ಥಾ?"

"ಮೈನೇ ಸಿರ್ಫ್ ಪಾವ್ ಖಾಯಾ, ಭಾಜಿ ನಹೀಂ ಖಾಯಾ!"

ನಿನ್ನೆ ಸಂಜೆ ಮನೆಯಲ್ಲಿದ್ದೆ ಎಂದವಳು, ಸ್ಟೇಷನ್ನಿನ ಹೊರಗೆ ಬರೀ ಪಾವ್ ತಿಂದೆ, ಭಾಜಿ ತಿನ್ನಲಿಲ್ಲ ಎಂದುಬಿಟ್ಟಳು! ಮೌಶಿ ಸುತ್ತ ನಿಂತವರ ಕಡೆ ತಿರುಗಿ, ಜಡ್ಜರಿಗೆ ತೋರಿಸುವಂತೆ ಕೈ ಚಾಚಿದಳು. ಆರೋಪಿ ಸ್ಥಳದಲ್ಲಿದ್ದದ್ದು ಸಾಬೀತಾಯಿತು! ಶಿಕ್ಷೆ, ಕಾಂಪೌಂಡಿನ ಸುತ್ತ ಓಟ, ಜಾಮೀನಿಲ್ಲ. ಭಾಭಿ ನನ್ನನ್ನು ದುರುಗುಟ್ಟಿ ನೋಡುತ್ತ ಓಡಿದಳು, ಯಾಕೆಂದರೆ ಸುದ್ದಿ ಮುಟ್ಟಿಸಿದವನು ನಾನೇ. ನಾನು ಒಳಗೊಳಗೇ ಹಿಗ್ಗುತ್ತಿರುವಾಗ ಮೌಶಿ ನನ್ನ ಕಡೆ ತಿರುಗಿದಳು. "ಅಲ್ಲೋ, ನೀ ಅಲ್ಲಿ ಏನ್ ಮಾಡಾಕ ಹೋಗಿದ್ದಿ?" ಮಾಫಿ ಸಾಕ್ಷಿಗೆ ಮಾಫಿ ಇರುತ್ತದೆ ಎಂಬುದು ಕಾನೂನಿನ ಪುಸ್ತಕದ ಮಾತು. ನಾನು ಭಾಭಿಯ ಹಿಂದೆಯೇ ಓಡಿದೆ.

ಇಷ್ಟೆಲ್ಲ ಮಾಡುವ ಮೌಶಿಯ ಗಂಡ, ನಮ್ಮ ಕಾಕಾ, ಏನು ಮಾಡುತ್ತಾನೆ ಗೊತ್ತೇ? ದಹಿಸರ್ ಸ್ಟೇಷನ್ನಿನ ಹತ್ತಿರ ಅವನದು ಫರಸಾಣ ಅಂಗಡಿ! ಶೇವು, ಚೂಡಾ, ಚಕ್ಕುಲಿ, ಕರಿದದ್ದು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. "ಆಕಿ ಮುಂಜಾನೆ ಇಳಸ್ತಾಳ, ನಾ ಸಂಜಿಕ ಏರಸ್ತೀನಿ. ಮಂದಿ ಎಲ್ಲಿಗೆ ಹೋದರೂ ದುಡ್ಡು ನಮ್ಮ ಮನೀಗೇ ಬರ್ತೈತಿ" ಎಂದು ಕಾಕಾ ಗಿರಾಕಿಗಳ ಮುಂದೆ ಹೇಳಿ ನಗುತ್ತಾನೆ. ಹೆಂಡತಿ ಕೋಟು ಬಿಟ್ಟದ್ದಕ್ಕೆ ಅವನು ಒಂದು ಮಾತೂ ಆಡಲಿಲ್ಲ. ಒಪ್ಪದೇ ಹೋದವನು ಅಜ್ಜ.

ಅಜ್ಜ ಎಂದರೆ ಮೌಶಿಯ ಅಪ್ಪ. ಹರೆಯದಲ್ಲಿ ಊರು ಬಿಟ್ಟು ಬಂದು, ಈ ಊರಿನ ಅದೆಷ್ಟೋ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಸಿಮೆಂಟು, ಇಟ್ಟಿಗೆ ಹೊತ್ತವನು. ಆಮೇಲೆ ಮುಕಾದಮನಾಗಿ ನಮ್ಮ ಕಡೆಯ ಮಂದಿಯನ್ನು ಕೆಲಸಕ್ಕೆ ಹಚ್ಚಿದವನು. ಈಗ ಮೌಶಿಯ ಮನೆಯಲ್ಲೇ ಇದ್ದಾನೆ. ಹಿರಿಮಗಳನ್ನು, ಅಂದರೆ ನನ್ನ ಅವ್ವನನ್ನು, ಬೇಗ ಮದುವೆ ಮಾಡಿಕೊಟ್ಟು ಸಣ್ಣವಳನ್ನು ಹಟ ಹಿಡಿದು ಓದಿಸಿದ. ಅವಳು ಕೋಟು ಹಾಕಿದ ದಿನ ಇಡೀ ಚಾಳಿನ ಮನೆಮನೆಗೆ ಪೇಡೆ ಹಂಚಿದ್ದನಂತೆ. ಅಂಥವನಿಗೆ ಮಗಳು ಚಡ್ಡಿ ಹಾಕಿಕೊಂಡು ಓಡಲು ಹೊರಟರೆ ಹೇಗಾಗಬೇಡ! ಅವನು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಬಹಳ ಸುಲಭದ ಉಪಾಯ ಹುಡುಕಿದ: ಮಗಳು ವಕೀಲಿ ಬಿಟ್ಟಳೆಂಬುದನ್ನು ಯಾರಿಗೂ ಹೇಳಲೇ ಇಲ್ಲ.

ಹೇಳದಿದ್ದರೆ ಹೇಳದಿರಲಿ ಎನ್ನಬಹುದು. ಆದರೆ ಅಜ್ಜ ಚಹಾದ ಅಂಗಡಿಯಲ್ಲಿ ಕೂತು ಕೇಸು ಹಿಡಿಯುತ್ತಲೇ ಹೋದ! ಕೂಲಿ ಕೊಡದ ಠೇಕೇದಾರ, ಖೋಲಿ ಬಿಡದ ಬಾಡಿಗೆದಾರ, ಗಂಡನ ಮನೆಯ ತಕರಾರು, ಯಾರು ಬಂದರೂ "ನಮ್ಮ ಮಗಳು ನೋಡ್ತಾಳ, ಹೋಗ್ರಿ" ಎಂದು ಕಳಿಸುವುದು. ಎಲ್ಲಿಗೆ? ಬೆಳಗಾಗುತ್ತಲೇ ನಮ್ಮ ಸೊಸೈಟಿಗೆ. ಕಾಗದಪತ್ರದ ಚೀಲ ಬಗಲಲ್ಲಿ ಇಟ್ಟುಕೊಂಡು ಬಂದ ಬಡಪಾಯಿಗಳು ನೋಡುವುದೇನು? ವಕೀಲಬಾಯಿ ಸೀಟಿ ಊದುತ್ತಿದ್ದಾಳೆ, ಮುಂದೆ ಒಂದು ಹಿಂಡು ಹೆಂಗಸರು ಕುಪ್ಪಳಿಸುತ್ತಿದ್ದಾರೆ. ಕೋರ್ಟಿನ ಹೊಸ ಪದ್ಧತಿ ಇರಬೇಕೆಂದು ಅವರೂ ಸಾಲಿನಲ್ಲಿ ನಿಂತು ಕುಪ್ಪಳಿಸಿದ್ದುಂಟು.

ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಬಂದರು. ಅಪ್ಪ ಬಿಟ್ಟುಹೋದ ಒಂದೇ ಖೋಲಿ, ಇಬ್ಬರಿಗೂ ಬೇಕು. ಗೇಟಿನಲ್ಲೇ ಕಾಲರ್ ಹಿಡಿದುಕೊಂಡರು. ಮೌಶಿ ಸೀಟಿ ಊದಿದಳು. "ಮೊದಲು ಓಡ್ರಿ. ಓಡ್ಕೋತ ಹೇಳ್ರಿ. ಯಾರು ಮೊದಲು ನಿಲ್ತಾರ, ಅವರ ಮಾತು ಆಮೇಲೆ ಕೇಳ್ತೀನಿ." ಇಬ್ಬರೂ ಬಯ್ದಾಡುತ್ತ ಓಡಿದರು. ಮೊದಲ ಸುತ್ತಿನಲ್ಲಿ ತಾಯಿ ತಂಗಿಯರೆಲ್ಲ ಬಂದುಹೋದರು. ಎರಡನೆಯದರಲ್ಲಿ ಬರೀ "ಮಗನ... ಮಗನ..." ಎಂಬಷ್ಟು ಉಳಿಯಿತು. ಮೂರನೆಯದರಲ್ಲಿ ಉಸಿರು ಬಿಟ್ಟು ಬೇರೇನೂ ಕೇಳಲಿಲ್ಲ. ಕೊನೆಗೆ ತಮ್ಮ ಅಣ್ಣನ ಹೆಗಲಿಗೆ ಜೋತುಬಿದ್ದು "ನೀನ... ಇಟ್ಕೊ... ಖೋಲಿ" ಎಂದ. ಅಣ್ಣ "ಬ್ಯಾಡ... ಭಾಡಗಿಗೆ ಕೊಡೂಣು... ಅರ್ಧ ಅರ್ಧ" ಎಂದ. ಕೋರ್ಟಿನಲ್ಲಾಗಿದ್ದರೆ ಇವರ ಮೊಮ್ಮಕ್ಕಳ ಕಾಲಕ್ಕಾದರೂ ಮುಗಿಯುತ್ತಿತ್ತೇ? ಇಬ್ಬರೂ ಈಗ ರವಿವಾರದ ಬ್ಯಾಚಿಗೆ ಬರುತ್ತಾರೆ.

ಮೌಶಿ ದಹಿಸರದ ಮನೆಗೆ ಮರಳಿದವಳೇ ಅಪ್ಪನ ಮುಂದೆ ನಿಂತಳು. ಅವತ್ತು ಕಾಕಾನ ಅಂಗಡಿಯ ಚೂಡಾ ಕೊಳ್ಳಲು ಹೋಗಿದ್ದ ನಾನೂ ಅಲ್ಲಿದ್ದೆ.

"ಯಪ್ಪಾ, ಇನ್ನ ಯಾರ್ನೂ ಕಳಸಬ್ಯಾಡ. ನಾ ವಕೀಲಿ ಬಿಟ್ಟೀನಿ ಅಂತ ಹೇಳಿಬಿಡು."

"ಹೆಂಗ್ ಹೇಳ್ಲಿ? ಓಡ್ತಾಳ ಅಂದ್ರ, ಓಡಿ ಎಲ್ಲಿಗೆ ಮುಟ್ಟಿದಳು ಅಂತಾರ ಮಂದಿ. ಏನ್ ಹೇಳೂದು?"

ಕೇಸು ಕೈಜಾರುವಂತಿದ್ದರೆ ವಕೀಲಳಾದವಳು ಏನು ಮಾಡುತ್ತಾಳೆ? ರಾಜಿ ಮಾಡಿಕೊಳ್ಳುತ್ತಾಳೆ. ಸಮುದ್ರದಲ್ಲಿ ಈಜಿ, ಎದ್ದು ಸೈಕಲ್ ಹೊಡೆದು, ಇಳಿದು ಓಡುವ ದೊಡ್ಡ ಸ್ಪರ್ಧೆಯೊಂದು ಊರಾಚೆಯ ಬೀಚಿನಲ್ಲಿ ನಡೆಯುವುದಿತ್ತು. ಅದನ್ನು ಹೇಳಿದ ಸಮಯದೊಳಗೆ ಮುಗಿಸಿದರೆ ಅಜ್ಜ ಎಲ್ಲರಿಗೂ ನಿಜ ಹೇಳಬೇಕು. ಮುಗಿಸದಿದ್ದರೆ ಮೌಶಿ ಮರಳಿ ಕೋಟು ಹಾಕಬೇಕು. ಅಜ್ಜ ತಲೆಯಾಡಿಸಿದ. ಮಗಳು ಸಮುದ್ರದಲ್ಲೇ ಸೋತು ಬರುತ್ತಾಳೆಂದು ಅವನಿಗೆ ಖಾತ್ರಿಯಿತ್ತು. ನಮ್ಮ ಕಡೆ ಸಮುದ್ರವನ್ನು ಕಂಡವರಾದರೂ ಯಾರು!

ಸಮುದ್ರದಲ್ಲಿ ಮೌಶಿ ಸೋಲಲಿಲ್ಲ. ಸೋತದ್ದು ದಡದ ಮೇಲೆ, ಅದೂ ಗೆದ್ದು! ಆ ಸ್ಪರ್ಧೆಯಲ್ಲಿ ಒಂದೊಂದು ಹಂತಕ್ಕೂ ಗಡುವು ಇರುತ್ತದೆ. ಈಜಿ ಮೇಲೆ ಬಂದಾಗ ಗಡಿಯಾರ ಹಿಡಿದ ಹುಡುಗಿಯೊಬ್ಬಳು "ಸಾರಿ ಮ್ಯಾಮ್, ಟೈಮ್ ಹೋ ಗಯಾ" ಎಂದಳು. ಬೇರೆಯವರು ತಲೆ ತಗ್ಗಿಸಿ ಹೋಗುತ್ತಿದ್ದರು. ನಮ್ಮ ಮೌಶಿಗೆ ಮೈಯೆಲ್ಲ ವಕೀಲಿ ಬಂತು. ಬೆಳಿಗ್ಗೆ ಯಾರೋ ಪುಢಾರಿಯ ಭಾಷಣದಿಂದ ಸ್ಪರ್ಧೆಯೇ ತಡವಾಗಿ ಶುರುವಾಗಿತ್ತಲ್ಲ, ಹಾಗಾದರೆ ಗಡುವು ಎಲ್ಲಿಂದ ಎಣಿಸಬೇಕು? ಒದ್ದೆ ಬಟ್ಟೆಯಲ್ಲೇ ವಾದ ಶುರುವಾಯಿತು. ಹುಡುಗಿ ಮೇಲಿನವರನ್ನು ಕರೆದಳು, ಅವರು ಇನ್ನೂ ಮೇಲಿನವರನ್ನು ಕರೆದರು. ಮೌಶಿ ಒಬ್ಬೊಬ್ಬರಿಗೂ ಮೊದಲಿನಿಂದ ವಾದ ಮಂಡಿಸಿದಳು. ಏನು ದನಿ, ಏನು ಕೈ ತಿರುವು! ಸುತ್ತ ಜನ ಸೇರಿದರು, ಶೇಂಗಾ ಮಾರುವವನು ಬಂದ. ಕೊನೆಗೆ ಎಲ್ಲರಿಗಿಂತ ಮೇಲಿನವನು ಕೈ ಮುಗಿದು "ಮ್ಯಾಡಮ್, ಆಪ್ ಸಹೀ ಹೈ. ಜಾಯಿಯೇ" ಎಂದ. ಚಪ್ಪಾಳೆ ಬಿತ್ತು! ಮೌಶಿ ಗೆದ್ದ ಹುಮ್ಮಸ್ಸಿನಲ್ಲಿ ಸೈಕಲ್ ಹತ್ತಿದಳು. ಅಷ್ಟರಲ್ಲಿ ಸೈಕಲ್ಲಿನ ಗಡುವು ಮುಗಿಯುತ್ತ ಬಂದಿತ್ತು.

ಸುದ್ದಿ ಕೇಳಿ ಅಜ್ಜ ಕುಣಿಯುವುದೊಂದು ಬಾಕಿ. "ನಾ ಹೇಳಿದ್ದಿಲ್ಲ? ನನ್ನ ಮಗಳು ಸಮುದ್ರದ ದಂಡಿ ಮ್ಯಾಲ ನಿಂತೂ ಕೇಸ್ ಗೆಲ್ತಾಳ! ಕೋಟ್ ತಗೀರಿ!" ಮೌಶಿ ಸುಮ್ಮನಾಗುವವಳೇ? ಇದು ಕೆಳಗಿನ ಕೋರ್ಟಿನ ತೀರ್ಪು, ಮೇಲೆ ಅಪೀಲು ಇದೆ ಎಂದಳು. ಮುಂದಿನ ವರ್ಷ ಇನ್ನೊಂದೇ ಒಂದು ಸಲ, ಆಮೇಲೆ ಚಕಾರವಿಲ್ಲ. ಈ ಸಲ ತಾನೂ ಬಂದು ಕಣ್ಣಾರೆ ನೋಡುತ್ತೇನೆಂದು ಅಜ್ಜ ಷರತ್ತು ಹಾಕಿದ. ಆ ವರ್ಷವೆಲ್ಲ ಮೌಶಿ ಈಜು, ಸೈಕಲ್ಲಿಗಿಂತ ಹೆಚ್ಚಾಗಿ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಮಾಡಿದಳು. ರಿಕ್ಷಾದವನ ಜೊತೆಗೂ ವಾದವಿಲ್ಲ! ನಾವು ಹೆದರಿಬಿಟ್ಟೆವು.

ಮರುವರ್ಷ ಬೀಚಿಗೆ ಅಜ್ಜ, ಕಾಕಾ, ನಾನು, ಜೊತೆಗೆ ಒಂದು ಡಬ್ಬಿ ಚಕ್ಕುಲಿ. ಮೌಶಿ ಈಜಿ ಬಂದಳು, ಸೈಕಲ್ ಮುಗಿಸಿದಳು, ಓಟಕ್ಕಿಳಿದಳು. ಬೀಚಿನ ರಸ್ತೆಯಲ್ಲಿ ಹೋಗಿ ಬರುವ ಸುತ್ತುಗಳು. ಪ್ರತಿ ಸುತ್ತಿಗೂ ಕೈಗೊಂದು ಬಣ್ಣದ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಎಲ್ಲ ಬಣ್ಣವೂ ಕೈಯಲ್ಲಿದ್ದರೆ ಮಾತ್ರ ಕೊನೆಯ ಗೇಟಿಗೆ ಬಿಡುವುದು. ಬಿಸಿಲು ನೆತ್ತಿಗೇರಿತ್ತು. ಮೌಶಿ ಸುತ್ತು ಮುಗಿಸಿ ಗೇಟಿನ ಕಡೆ ತಿರುಗಿದಾಗ ಅಲ್ಲಿದ್ದ ಹುಡುಗ ತಡೆದ. ಕೈಯಲ್ಲಿ ಹಳದಿ ಬ್ಯಾಂಡ್ ಇರಲಿಲ್ಲ. ಎಲ್ಲೋ ತುಂಡಾಗಿ ಬಿದ್ದುಹೋಗಿತ್ತು. "ಮ್ಯಾಮ್, ಏಕ್ ರೌಂಡ್ ಬಾಕಿ ಹೈ."

ಬಾಕಿ ಇರಲಿಲ್ಲ. ಅದು ನಮಗೆ ಮೂವರಿಗೂ ಗೊತ್ತಿತ್ತು. ಮೌಶಿ ಬಾಯಿ ತೆರೆದಳು. ಅಜ್ಜ ನೆಟ್ಟಗಾದ, ಈಗ ನೋಡು ಗಮ್ಮತ್ತು ಎಂಬಂತೆ ನನ್ನ ತೊಡೆ ಚಿವುಟಿದ. ಮೌಶಿ ಬಾಯಿ ಮುಚ್ಚಿದಳು. ಒಂದು ಮಾತೂ ಆಡದೆ ತಿರುಗಿ, ಓಡಿದ್ದ ರಸ್ತೆಯಲ್ಲೇ ಮತ್ತೆ ಓಡತೊಡಗಿದಳು.

ಅಜ್ಜನ ಮುಖ ನೋಡಬೇಕಿತ್ತು! ಧೋತರದ ಚುಂಗು ಎತ್ತಿಕೊಂಡು ನೇರ ಹುಡುಗನ ಮೇಲೆ ಹೋದ. "ಏ ಸಾಬ್, ಮೈ ದೇಖಾ! ಪೂರಾ ಕಿಯಾ ಉಸನೇ! ಮೇರಿ ಲಡಕಿ ಝೂಟ್ ನಹೀ ಬೋಲತಿ, ವಕೀಲ್ ಹೈ!" ಮಗಳು ಸುಳ್ಳು ಹೇಳುವುದಿಲ್ಲ, ಮಗಳು ವಕೀಲಳು: ಈ ಎರಡು ಮಾತು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು ಹುಡುಗನಿಗೆ ತಿಳಿಯಲಿಲ್ಲ. ಆದರೂ ಪಾಪ, ರಸ್ತೆಯ ಆ ತುದಿಯಲ್ಲಿ ಬ್ಯಾಂಡ್ ಹಾಕುವವಳಿಗೆ ಫೋನ್ ಮಾಡಿದ. ಅವಳು, ಹೌದು, ಆ ಆಂಟಿಗೆ ಹಳದಿ ಬ್ಯಾಂಡ್ ಹಾಕಿದ್ದು ನಾನೇ ಎಂದಳು. ಹುಡುಗ ಕೈ ಜೋಡಿಸಿ, ಅವರನ್ನು ಕರೆಯಿರಿ, ಸಮಯ ಇನ್ನೂ ಸ್ವಲ್ಪ ಇದೆ ಎಂದ.

ಕರೆಯುವವರು ಯಾರು? ನಮಗೆ ಏನು ಮಾಡಬೇಕೆಂದು ಹೊಳೆಯುವ ಮೊದಲೇ ಅಜ್ಜ ಓಡುತ್ತಿದ್ದ. ಚಪ್ಪಲಿ ಅಲ್ಲೇ ಉಳಿಯಿತು. ಅದನ್ನು ಹಿಡಿದುಕೊಂಡು ಅವನ ಹಿಂದೆ ನಾನು, ನನ್ನ ಹಿಂದೆ ಚಕ್ಕುಲಿ ಡಬ್ಬಿ ಗಲಗಲ ಎನಿಸುತ್ತ ಕಾಕಾ. "ಏ ಯವ್ವಾ! ನಿಂದ್ರ! ಗೆದ್ದಿ ನಿಂದ್ರ!" ಎಂದು ಅಜ್ಜ ಕೂಗುತ್ತಿದ್ದ. ಜನ ನಮಗೂ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಅಜ್ಜನ ಕೈಗೆ ನೀರಿನ ಬಾಟಲಿಯನ್ನೂ ಕೊಟ್ಟ.

ಮೌಶಿ ತಿರುಗಿ ನೋಡಿದವಳೇ ಓಡಿ ಬಂದು ಅಪ್ಪನ ತೋಳು ಹಿಡಿದುಕೊಂಡಳು. "ಬಾಯಿಲೆ ಉಸರ ಬಿಡು, ಯಪ್ಪಾ. ಸಾವಕಾಶ. ಓಡಾಕ ಯಾರ್ ಹೇಳಿದ್ರು ನಿನಗ?" ನಾನು ವಿಷಯ ಹೇಳಿದೆ. ಅವಳ ಮುಖ ಅರಳಿತು. ಆದರೆ ಅಜ್ಜ ಅವಳ ಕೈ ಬಿಡಲಿಲ್ಲ. ಬೆವರಿನಲ್ಲಿ ತೊಯ್ದ ಅವಳ ಮುಖ, ಕುತ್ತಿಗೆ, ಬಿಸಿಲಿಗೆ ಸುಟ್ಟು ಕರಿಯಾದ ಭುಜವನ್ನೇ ನೋಡುತ್ತ ನಿಂತ. ಅಷ್ಟು ಹತ್ತಿರದಿಂದ ಮಗಳ ಬೆವರನ್ನು ಅವನು ನೋಡಿದ್ದು ಅದೇ ಮೊದಲೇನೋ.

"ನಿನಗ ಕೋಟ್ ಯಾಕ ಹಾಕ್ಸಿದ್ದೆ ಗೊತ್ತೇನವ್ವಾ?" ಎಂದ. "ದೊಡ್ಡ ಮನಶ್ಯಾಳ ಆಗಲಿ ಅಂತ ಅಲ್ಲ. ನಾ ಜಲಮೆಲ್ಲ ಬಿಸಲಾಗ ಬೆವರ ಸುರಿಸಿದೆ. ನೀ ಒಬ್ಬಾಕಿಯರೆ ಫ್ಯಾನಿನ ಕೆಳಗ ತಣ್ಣಗ ಇರಲಿ ಅಂತ. ನೀ ನೋಡಿದ್ರ ರೊಕ್ಕಾ ಕೊಟ್ಟು ಬಿಸಲಿಗೆ ಬಂದಿ."

ಅಜ್ಜನದು ಬರೀ ಪ್ರತಿಷ್ಠೆಯ ಹಟವೆಂದು ನಾವೆಲ್ಲ ಇಷ್ಟು ದಿನ ನಕ್ಕಿದ್ದೆವು. ಮೌಶಿಯ ಕಣ್ಣು ತುಂಬಿಬಂತು.

"ಯಪ್ಪಾ, ನೀ ಸುರಿಸಿದ ಬೆವರೆಲ್ಲಾ ಮಂದಿ ಬಿಲ್ಡಿಂಗಿಗೆ ಹೋತು. ಇದು ನಂದು. ನನಗಂತ ಸುರಸಾಕತ್ತೀನಿ."

ಅಜ್ಜ ಹೆಗಲ ಮೇಲಿನ ವಸ್ತ್ರದಿಂದ ಅವಳ ಮುಖ ಒರೆಸಿದ, ಸಣ್ಣ ಹುಡುಗಿಗೆ ಒರೆಸುವಂತೆ, ಕಿವಿಯ ಹಿಂದೆಲ್ಲ. "ಹಂಗಾರ ಹೋಗು, ಓಡು. ಚಾದ ಅಂಗಡ್ಯಾಗ ನಾ ಹೇಳ್ತೀನಿ" ಎಂದ. ಅವಳು ಹೊರಟ ಮೇಲೆ ತಡೆಯಲಾರದೆ ಮತ್ತೆ ಕೂಗಿದ, "ಯವ್ವಾ, ನೆಳ್ಳ್ ಹಿಡದು ಓಡು!"

ಗೇಟು ಮುಚ್ಚುವ ಮೊದಲು, ಎಲ್ಲರಿಗಿಂತ ಕೊನೆಯವಳಾಗಿ ಅವಳು ಮುಟ್ಟಿದ್ದನ್ನು ಕಾಕಾ ನೋಡಿ ಬಂದು ಹೇಳಿದ. ಅಜ್ಜನ ಕೈ ಹಿಡಿದುಕೊಂಡು ಹಿಂದೆಯೇ ಉಳಿದ ನಾನು ನೋಡಿದ್ದು ಇಷ್ಟು: ಆ ರಸ್ತೆಯಲ್ಲಿ ನೆರಳೆಂಬುದು ಇರಲೇ ಇಲ್ಲ; ಆಚೆ ಬದಿಗೆ ನಾಲ್ಕಾರು ಗಾಳಿಮರಗಳ ಅಡಿಯಲ್ಲಿ ಜರಡಿ ಹಿಡಿದ ಹಾಗೆ ಒಂದಿಷ್ಟು ಬಿದ್ದಿತ್ತು. ಯಾವ ಕಲಮಿನ ಪ್ರಕಾರ ಎಂದು ಕೇಳದೆ ಯಾರ ಮಾತನ್ನೂ ಕೇಳಿದವಳಲ್ಲದ ನಮ್ಮ ಮೌಶಿ ರಸ್ತೆ ದಾಟಿ ಆ ಬದಿಗೆ ಸರಿದು ಓಡಿದಳು.